ಫೆನ್ಸಿಂಗ್ ಸ್ಪರ್ಧಿಗಳಿಗೆ ಉದ್ದೀಪನ ಮದ್ದು ತಡೆ ನಿಯಮಗಳು: ಮಾತ್ರೆ ನುಂಗುವ ಮೊದಲಿನಿಂದ ಪರೀಕ್ಷಾ ಕೊಠಡಿಯವರೆಗೆ

ಫೆನ್ಸಿಂಗ್ ಸ್ಪರ್ಧಿಗಳು, ಅವರ ಪೋಷಕರು ಮತ್ತು ತರಬೇತುದಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪಂದ್ಯದ ಹಿಂದಿನ ದಿನ ನೆಗಡಿಯ ಮಾತ್ರೆ ತೆಗೆದುಕೊಳ್ಳಬಹುದೇ? ಮಣಿಕಟ್ಟಿನ ನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೆ ಏನಾಗುತ್ತದೆ? ಉಬ್ಬಸದ ಇನ್ಹೇಲರ್ ನಿಷಿದ್ಧವೇ? ವೈದ್ಯರೇ ಬರೆದುಕೊಟ್ಟ ಔಷಧಿಯಾದರೆ ತೊಂದರೆಯಿಲ್ಲವಲ್ಲ? ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಡುವುದಕ್ಕಿಂತ, ಉತ್ತರವನ್ನು ನೀವೇ ಕಂಡುಕೊಳ್ಳುವ ಕ್ರಮವನ್ನು ಹಂತ ಹಂತವಾಗಿ ವಿವರಿಸುವುದು ಹೆಚ್ಚು ಉಪಯುಕ್ತವೆಂದು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಫೆನ್ಸಿಂಗ್ ಚುರುಕುಬುದ್ಧಿಯ ಆಟ, ತೋಳ್ಬಲದ ಆಟವಲ್ಲ, ಆದ್ದರಿಂದ ಇಲ್ಲಿ ಉದ್ದೀಪನ ಮದ್ದಿನ ಮಾತು ಅಷ್ಟಾಗಿ ಬರುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ನಿಯಮಗಳು ಮಾತ್ರ ಆ ಭೇದವನ್ನು ಮಾಡುವುದಿಲ್ಲ. ಓಟಗಾರರಿಗೆ ಮತ್ತು ಭಾರ ಎತ್ತುವವರಿಗೆ ಅನ್ವಯಿಸುವ ಪಟ್ಟಿಯೇ ಫಾಯಿಲ್, ಎಪೆ, ಸೇಬರ್ ಎಂಬ ಮೂರೂ ಬಗೆಯ ಕತ್ತಿಗಳ ವಿಭಾಗದವರಿಗೆ ಅನ್ವಯಿಸುತ್ತದೆ. ಬೇಕೆಂದೇ ಮದ್ದು ಸೇವಿಸುವವರ ಕಥೆ ಬೇರೆ. ಅವರಿಗಾಗಿ ಈ ಲೇಖನವಲ್ಲ. ವಂಚಿಸುವ ಉದ್ದೇಶವೇ ಇಲ್ಲದೆ, ಮನೆಯ ಔಷಧಿ ಡಬ್ಬಿಯಿಂದಲೋ ಪೂರಕ ಆಹಾರದ ಪೊಟ್ಟಣದಿಂದಲೋ ಸಿಕ್ಕಿಬೀಳಬಹುದಾದವರಿಗಾಗಿ ಇದು.

1. ಯಾರ ನಿಯಮ, ಯಾರಿಗೆ ಅನ್ವಯ ಎಂಬುದನ್ನು ಮೊದಲು ತಿಳಿಯಿರಿ

1999ರಲ್ಲಿ ಸ್ಥಾಪನೆಯಾದ ವಿಶ್ವ ಉದ್ದೀಪನ ಮದ್ದು ತಡೆ ಘಟಕ, ಅಂದರೆ ವಾಡಾ, ರೂಪಿಸಿದ ಸಂಹಿತೆ 2004ರಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ಫೆನ್ಸಿಂಗ್ ಒಕ್ಕೂಟ, ಅಂದರೆ ಎಫ್‌ಐಇ, ಈ ಸಂಹಿತೆಯನ್ನು ಒಪ್ಪಿಕೊಂಡಿದೆ. ಅಂತರರಾಷ್ಟ್ರೀಯ ಮಟ್ಟದ ಸ್ಪರ್ಧಿಗಳ ವಿಷಯದಲ್ಲಿ ಎಫ್‌ಐಇ, ಉಳಿದವರ ವಿಷಯದಲ್ಲಿ ಆಯಾ ದೇಶದ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ಮುಖ್ಯ ಹೊಣೆ ಹೊರುತ್ತವೆ. ಈ ಲೇಖನದಲ್ಲಿ ಹೇಳಿರುವ ಶಿಕ್ಷೆಯ ಅವಧಿಗಳು 2021ರ ಸಂಹಿತೆಯವು. ಪರಿಷ್ಕೃತ ಸಂಹಿತೆ 2027ರ ಜನವರಿ 1ರಿಂದ ಜಾರಿಗೆ ಬರುವುದರಿಂದ, ಆ ದಿನಾಂಕದ ನಂತರದ ಪ್ರಕರಣಗಳಿಗೆ ಹೊಸ ಪಠ್ಯವನ್ನೇ ನೋಡಬೇಕು.

ಇಡೀ ವ್ಯವಸ್ಥೆ ನಿಂತಿರುವುದು ಕಟ್ಟುನಿಟ್ಟಿನ ಹೊಣೆಗಾರಿಕೆ ಎಂಬ ತತ್ವದ ಮೇಲೆ. ನಿಮ್ಮ ದೇಹದಲ್ಲಿ ನಿಷಿದ್ಧ ವಸ್ತು ಕಂಡುಬಂದರೆ, ಅದು ಹೇಗೆ ಬಂತು, ಯಾರು ಕೊಟ್ಟರು, ನಿಮಗೆ ಗೊತ್ತಿತ್ತೇ ಎಂಬ ಪ್ರಶ್ನೆಗಳಿಗೆ ಮೊದಲೇ ಉಲ್ಲಂಘನೆ ಸಾಬೀತಾದಂತೆ. ಆ ಪ್ರಶ್ನೆಗಳೆಲ್ಲ ಶಿಕ್ಷೆ ಎಷ್ಟು ಎಂಬುದನ್ನು ನಿರ್ಧರಿಸುವಾಗ ಬರುತ್ತವೆ. 'ವೈದ್ಯರು ಬರೆದುಕೊಟ್ಟರು', 'ತರಬೇತುದಾರರು ಕೊಟ್ಟರು' ಎಂಬ ಮಾತುಗಳು ನಿಮ್ಮನ್ನು ಬಿಡುಗಡೆ ಮಾಡುವುದಿಲ್ಲ.

ಸಂಹಿತೆ ಒಟ್ಟು 11 ಬಗೆಯ ಉಲ್ಲಂಘನೆಗಳನ್ನು ಹೆಸರಿಸುತ್ತದೆ. ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಅವುಗಳಲ್ಲಿ ಒಂದು ಮಾತ್ರ. ಮೂತ್ರ ಅಥವಾ ರಕ್ತದ ಮಾದರಿ ಕೊಡಲು ನಿರಾಕರಿಸುವುದು, ನಿಷಿದ್ಧ ವಸ್ತುವನ್ನು ಬಳಿಯಲ್ಲಿಟ್ಟುಕೊಳ್ಳುವುದು, ಇನ್ನೊಬ್ಬರಿಗೆ ಕೊಡುವುದು, ನೆರವಾಗುವುದು, ದೂರು ಕೊಡುವವರನ್ನು ಬೆದರಿಸುವುದು, ಇವೆಲ್ಲವೂ ಉಲ್ಲಂಘನೆಗಳೇ. ತರಬೇತುದಾರರಿಗೂ ಮಕ್ಕಳ ಔಷಧಿಯನ್ನು ನೋಡಿಕೊಳ್ಳುವ ಪೋಷಕರಿಗೂ ಇವುಗಳಲ್ಲಿ ಹಲವು ಅನ್ವಯಿಸುತ್ತವೆ.

2. ನಿಷೇಧಿತ ಪಟ್ಟಿಯನ್ನು ಓದುವುದನ್ನು ಕಲಿಯಿರಿ

ವಾಡಾ ಪ್ರತಿವರ್ಷ ಹೊಸ ಪಟ್ಟಿಯನ್ನು ಪ್ರಕಟಿಸುತ್ತದೆ. ಅದು ಜನವರಿ 1ರಿಂದ ಜಾರಿಯಾಗುತ್ತದೆ. ಕಳೆದ ಋತುವಿನಲ್ಲಿ ಸರಿಯಿದ್ದ ಔಷಧಿ ಈ ಋತುವಿನಲ್ಲಿ ನಿಷಿದ್ಧವಾಗಿರಬಹುದು. ನೋವು ನಿವಾರಕ ಟ್ರಮಡಾಲ್ 2024ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧವಾದದ್ದು ಹೀಗೆಯೇ.

ಪಟ್ಟಿಯಲ್ಲಿ ಎರಡು ಮುಖ್ಯ ಭಾಗಗಳಿವೆ. ಸ್ನಾಯು ಬೆಳೆಸುವ ಅನಬಾಲಿಕ್ ಸ್ಟೀರಾಯ್ಡ್‌ಗಳು, ಬೆಳವಣಿಗೆಯ ಹಾರ್ಮೋನ್‌ನಂತಹ ಪೆಪ್ಟೈಡ್ ಹಾರ್ಮೋನ್‌ಗಳು, ಇನ್ಸುಲಿನ್, ಮೂತ್ರವರ್ಧಕಗಳು, ಶ್ವಾಸನಾಳ ಹಿಗ್ಗಿಸುವ ಬಹುತೇಕ ಔಷಧಿಗಳು, ರಕ್ತ ಬದಲಿಸುವ ವಿಧಾನಗಳು, ಇವು ಸದಾಕಾಲ ನಿಷಿದ್ಧ. ಮನೆಯಲ್ಲಿ ವಿಶ್ರಾಂತಿಯಲ್ಲಿದ್ದರೂ ಸರಿ. ಉತ್ತೇಜಕಗಳು, ಮಾರ್ಫಿನ್‌ನಂತಹ ಮಾದಕ ನೋವು ನಿವಾರಕಗಳು, ಗಾಂಜಾ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್‌ಗಳಾದ ಗ್ಲೂಕೋಕಾರ್ಟಿಕಾಯ್ಡ್‌ಗಳು, ಇವು ಸ್ಪರ್ಧೆಯ ಅವಧಿಯಲ್ಲಿ ಮಾತ್ರ ನಿಷಿದ್ಧ.

ಹಾಗಾದರೆ ಸ್ಪರ್ಧೆಯ ಅವಧಿ ಎಂದರೆ ಯಾವಾಗಿನಿಂದ ಯಾವಾಗಿನವರೆಗೆ? ನೀವು ಭಾಗವಹಿಸಬೇಕಿರುವ ಸ್ಪರ್ಧೆಯ ಹಿಂದಿನ ರಾತ್ರಿ 11 ಗಂಟೆ 59 ನಿಮಿಷಕ್ಕೆ ಅದು ಆರಂಭವಾಗಿ, ಸ್ಪರ್ಧೆ ಮತ್ತು ಅದಕ್ಕೆ ಸಂಬಂಧಿಸಿದ ಮಾದರಿ ಸಂಗ್ರಹ ಮುಗಿಯುವವರೆಗೆ ಇರುತ್ತದೆ. ಇಲ್ಲಿ ಅನೇಕರು ಎಡವುತ್ತಾರೆ. ರಾತ್ರಿಗೂ ಮೊದಲೇ ಸೇವಿಸಿದ್ದರೂ, ಬೆಳಿಗ್ಗೆಯ ಮಾದರಿಯಲ್ಲಿ ವಸ್ತು ಕಂಡುಬಂದರೆ ಅದು ಸ್ಪರ್ಧೆಯ ಅವಧಿಯ ಉಲ್ಲಂಘನೆಯೇ. ಲೆಕ್ಕಕ್ಕೆ ಬರುವುದು ನುಂಗಿದ ಹೊತ್ತಲ್ಲ, ದೇಹದಲ್ಲಿ ಉಳಿದಿರುವ ಅಂಶ. ಫೆನ್ಸಿಂಗ್‌ನಲ್ಲಿ ವೈಯಕ್ತಿಕ ಮತ್ತು ತಂಡ ವಿಭಾಗಗಳು ಬೇರೆ ಬೇರೆ ದಿನಗಳಲ್ಲಿ ನಡೆಯುವುದು ವಾಡಿಕೆ. ಮೊದಲ ಪೂಲ್ (ಗುಂಪು) ಸುತ್ತಿನ ಹಿಂದಿನ ಸಂಜೆಯಿಂದ ತಂಡ ಸ್ಪರ್ಧೆಯ ಕೊನೆಯವರೆಗೆ ಇಡೀ ಅವಧಿಯನ್ನು ಒಂದೇ ಎಂದು ಭಾವಿಸಿ ನಡೆದುಕೊಳ್ಳುವುದು ಒಳಿತು.

ಏಕಾಗ್ರತೆಯ ಆಟವಾದ್ದರಿಂದ ಬೀಟಾ ಬ್ಲಾಕರ್‌ಗಳ ಬಗ್ಗೆಯೂ ಕೇಳುವವರಿದ್ದಾರೆ. ಹೃದಯ ಬಡಿತ ತಗ್ಗಿಸುವ ಈ ಔಷಧಿಗಳು ಬಿಲ್ಲುಗಾರಿಕೆ, ಶೂಟಿಂಗ್‌ನಂತಹ ಕೆಲವು ಕ್ರೀಡೆಗಳಲ್ಲಷ್ಟೇ ನಿಷಿದ್ಧ. ಆ ಪಟ್ಟಿಯಲ್ಲಿ ಫೆನ್ಸಿಂಗ್ ಇಲ್ಲ. ಕೆಫೀನ್ ಕೂಡ ನಿಷಿದ್ಧವಲ್ಲ, ಅದನ್ನು ವಾಡಾ ಕೇವಲ ಗಮನಿಸುತ್ತಿದೆ.

3. ಪ್ರತಿ ಔಷಧಿಯನ್ನೂ ಸೇವಿಸುವ ಮೊದಲು ಪರಿಶೀಲಿಸಿ

ಔಷಧಿಯ ಮಾರಾಟದ ಹೆಸರನ್ನು ನಂಬಬೇಡಿ, ಒಳಗಿರುವ ಮೂಲವಸ್ತುಗಳ ಹೆಸರನ್ನು ಓದಿ. ಒಂದೇ ಹೆಸರಿನ ಔಷಧಿಯಲ್ಲಿ ಒಂದು ದೇಶದಲ್ಲಿ ಒಂದು ಮಿಶ್ರಣ, ಇನ್ನೊಂದು ದೇಶದಲ್ಲಿ ಬೇರೆಯೇ ಮಿಶ್ರಣ ಇರುವುದುಂಟು. ಗ್ಲೋಬಲ್ ಡ್ರೋ ಎಂಬ ಅಂತರ್ಜಾಲ ಸೇವೆಯಲ್ಲಿ ಕೆಲವು ದೇಶಗಳ ಔಷಧಿಗಳನ್ನು ಹುಡುಕಬಹುದು. ನಿಮ್ಮ ದೇಶ ಅದರಲ್ಲಿ ಇಲ್ಲದಿದ್ದರೆ ರಾಷ್ಟ್ರೀಯ ಸಂಸ್ಥೆಗೆ ಲಿಖಿತವಾಗಿ ಪ್ರಶ್ನೆ ಕಳುಹಿಸಿ, ಉತ್ತರವನ್ನು ದಿನಾಂಕ ಸಹಿತ ಕಾಪಿಡಿ. ಸ್ಪರ್ಧಿಗಳಿಗೆ ಹೆಚ್ಚಾಗಿ ಎದುರಾಗುವ ಸಂದರ್ಭಗಳು ಇಂತಿವೆ.

ನೆಗಡಿ ಮತ್ತು ಕೆಮ್ಮು: ಮೂಗು ಕಟ್ಟುವುದಕ್ಕೆ ಕೊಡುವ ಮಾತ್ರೆಗಳಲ್ಲಿ ಸೂಡೊಎಫೆಡ್ರಿನ್ ಇರಬಹುದು. ಸ್ಪರ್ಧೆಯ ಅವಧಿಯಲ್ಲಿ ಮೂತ್ರದಲ್ಲಿ ಇದರ ಪ್ರಮಾಣ ಪ್ರತಿ ಮಿಲಿಲೀಟರ್‌ಗೆ 150 ಮೈಕ್ರೋಗ್ರಾಂ ಮೀರಿದರೆ ಉಲ್ಲಂಘನೆಯಾಗುತ್ತದೆ. ಆದ್ದರಿಂದ ಸ್ಪರ್ಧೆಯ ಅವಧಿ ಆರಂಭವಾಗುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ಅದನ್ನು ನಿಲ್ಲಿಸಬೇಕು. ಕೆಮ್ಮಿನ ಸಿರಪ್ ಇನ್ನೂ ಅಪಾಯಕಾರಿ, ಏಕೆಂದರೆ ಕಫ ಸಡಿಲಿಸುವ ಅನೇಕ ಸಿರಪ್‌ಗಳಲ್ಲಿ ಟರ್ಬುಟಲಿನ್ ಅಥವಾ ಸಾಲ್ಬುಟಮಾಲ್ ಸೇರಿರುತ್ತದೆ. ಬಾಯಿಯ ಮೂಲಕ ಸೇವಿಸಿದಾಗ ಇವೆರಡೂ ಸದಾಕಾಲ ನಿಷಿದ್ಧ.

ಉಬ್ಬಸ: ಇನ್ಹೇಲರ್ ಮೂಲಕ ಸಾಲ್ಬುಟಮಾಲ್ ತೆಗೆದುಕೊಳ್ಳಲು ಅನುಮತಿಯಿದೆ, ಆದರೆ ಮಿತಿಯಿದೆ: 24 ಗಂಟೆಗಳಲ್ಲಿ 1600 ಮೈಕ್ರೋಗ್ರಾಂ, ಮತ್ತು ಯಾವುದೇ 8 ಗಂಟೆಗಳಲ್ಲಿ 600 ಮೈಕ್ರೋಗ್ರಾಂ ಮೀರಬಾರದು. ಒಂದು ಒತ್ತಿಗೆ 100 ಮೈಕ್ರೋಗ್ರಾಂ ಬಿಡುವ ಇನ್ಹೇಲರ್ ಆದರೆ 8 ಗಂಟೆಗೆ 6 ಒತ್ತು ಎಂದಾಯಿತು. ಬೆಳಗಿನ ಪೂಲ್ ಸುತ್ತಿಗೆ ಮೊದಲು ನಾಲ್ಕು ಒತ್ತು, ಮಧ್ಯಾಹ್ನದ ನಾಕೌಟ್ ಸುತ್ತಿಗೆ ಮೊದಲು ಮತ್ತೆ ನಾಲ್ಕು ಒತ್ತು ತೆಗೆದುಕೊಂಡವರು ಮಿತಿ ದಾಟಿರುತ್ತಾರೆ. ನೆಬ್ಯುಲೈಸರ್‌ನಲ್ಲಿ ಒಂದೇ ಸಲಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಹೋಗುತ್ತದೆ. ಟರ್ಬುಟಲಿನ್ ಇನ್ಹೇಲರ್‌ಗೆ ಈ ಬಗೆಯ ರಿಯಾಯಿತಿ ಇಲ್ಲವೇ ಇಲ್ಲ. ಹಾಗೆಂದು ಉಸಿರು ಕಟ್ಟಿದಾಗ ಯಾರೂ ಔಷಧಿಯನ್ನು ಮುಂದೂಡಬಾರದು. ತುರ್ತು ಚಿಕಿತ್ಸೆಗೆ ನಂತರವೂ ವಿನಾಯಿತಿ ಕೋರುವ ದಾರಿಯಿದೆ.

ಸ್ಟೀರಾಯ್ಡ್ ಇಂಜೆಕ್ಷನ್: ಮಣಿಕಟ್ಟು, ಮೊಣಕೈ, ಮೊಣಕಾಲು, ಹಿಮ್ಮಡಿ, ಈ ಆಟದಲ್ಲಿ ನೋವು ತಿನ್ನುವ ಜಾಗಗಳೆಲ್ಲ ಇಂಜೆಕ್ಷನ್ ಸೂಜಿಗೆ ಹತ್ತಿರದವು, ಹಾಗಾಗಿ ಈ ವಿಷಯವನ್ನು ನಿಧಾನವಾಗಿ ಓದಿ. ಉರಿಯೂತ ತಗ್ಗಿಸುವ ಗ್ಲೂಕೋಕಾರ್ಟಿಕಾಯ್ಡ್‌ಗಳನ್ನು ಯಾವುದೇ ಜಾಗಕ್ಕೆ ಇಂಜೆಕ್ಷನ್ ಮೂಲಕ ಕೊಡುವುದು 2022ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ; ಕೀಲಿನೊಳಗೆ ಕೊಡುವ ಇಂಜೆಕ್ಷನ್ ಕೂಡ ಇದರಲ್ಲಿ ಸೇರಿದೆ. ಮಾತ್ರೆಯ ರೂಪವೂ ನಿಷಿದ್ಧ. ಇನ್ಹೇಲರ್, ಮೂಗಿನ ಸ್ಪ್ರೇ, ಚರ್ಮಕ್ಕೆ ಹಚ್ಚುವ ಮುಲಾಮು, ಇವಕ್ಕೆ ಅಡ್ಡಿಯಿಲ್ಲ. ಸ್ಪರ್ಧೆಯಿಲ್ಲದ ದಿನಗಳಲ್ಲಿ ಇಂಜೆಕ್ಷನ್ ಪಡೆದರೆ, ಔಷಧಿ ದೇಹದಿಂದ ಹೊರಹೋಗಲು ಬೇಕಾದ ಕನಿಷ್ಠ ಅವಧಿಯನ್ನು ವಾಡಾ ಸೂಚಿಸಿದೆ. ಕೀಲಿಗೆ ಅಥವಾ ಸ್ನಾಯುರಜ್ಜುವಿನ ಸುತ್ತ ಕೊಟ್ಟ ಇಂಜೆಕ್ಷನ್‌ಗೆ ಸಾಮಾನ್ಯವಾಗಿ 3 ದಿನ, ಆದರೆ ಅದು ಟ್ರೈಆಮ್ಸಿನೊಲೋನ್ ಅಸಿಟೊನೈಡ್ ಆಗಿದ್ದರೆ 10 ದಿನ. ಅದೇ ಔಷಧಿಯನ್ನು ಮಾಂಸಖಂಡಕ್ಕೆ ಕೊಟ್ಟಿದ್ದರೆ 60 ದಿನ. 'ಒಂದು ಸ್ಟೀರಾಯ್ಡ್ ಇಂಜೆಕ್ಷನ್' ಎಂದು ವೈದ್ಯರು ಬಾಯಿಮಾತಿನಲ್ಲಿ ಹೇಳಿದ್ದು ಸಾಲದು; ಔಷಧಿಯ ಪೂರ್ಣ ಹೆಸರು, ಪ್ರಮಾಣ, ಕೊಟ್ಟ ಜಾಗ, ದಿನಾಂಕ, ನಾಲ್ಕನ್ನೂ ಬರೆಸಿಕೊಳ್ಳಿ.

ಡ್ರಿಪ್: ದಪ್ಪ ಜಾಕೆಟ್ ಮತ್ತು ಮುಖವಾಡದೊಳಗೆ ದಿನವಿಡೀ ಬೆವರಿ ಬಳಲಿದ ಸ್ಪರ್ಧಿಗೆ ಲವಣ ದ್ರಾವಣದ ಡ್ರಿಪ್ ಹಾಕಿಸುವುದು ಸಹಜ ಉಪಚಾರದಂತೆ ಕಾಣುತ್ತದೆ. ಒಳಗಿನ ದ್ರಾವಣ ನಿರುಪದ್ರವಿಯಾಗಿದ್ದರೂ, 12 ಗಂಟೆಗಳಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ರಕ್ತನಾಳದ ಮೂಲಕ ಹೋಗುವುದೇ ನಿಷಿದ್ಧ ವಿಧಾನ, ಅದೂ ಸದಾಕಾಲ. ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಮತ್ತು ರೋಗ ಪತ್ತೆಯ ತಪಾಸಣೆಯ ಭಾಗವಾಗಿ ಕೊಟ್ಟದ್ದಕ್ಕೆ ಮಾತ್ರ ಹೊರತು. ಕ್ರೀಡಾಂಗಣದ ಮೂಲೆಯಲ್ಲಿ ಅಥವಾ ಹೋಟೆಲ್ ಕೋಣೆಯಲ್ಲಿ ಹಾಕಿಸಿಕೊಂಡ ಡ್ರಿಪ್ ಈ ಹೊರತಿನಲ್ಲಿ ಬರುವುದಿಲ್ಲ.

ಗಮನ ಕೊರತೆಯ ತೊಂದರೆಗೆ ಬಳಸುವ ಮೀಥೈಲ್‌ಫೆನಿಡೇಟ್ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ ಉತ್ತೇಜಕ. ಇದಕ್ಕೆ ವಿನಾಯಿತಿ ಬೇಕು. ರಕ್ತದೊತ್ತಡದ ಮಾತ್ರೆಗಳಲ್ಲಿ ಮೂತ್ರವರ್ಧಕ ಬೆರೆತಿರುವುದುಂಟು, ಅದನ್ನೂ ನೋಡಿಕೊಳ್ಳಿ.

4. ನಿಷಿದ್ಧ ಔಷಧಿ ಅನಿವಾರ್ಯವಾದರೆ ಮೊದಲೇ ವಿನಾಯಿತಿ ಪಡೆಯಿರಿ

ನಿಜವಾದ ಕಾಯಿಲೆಗೆ ನಿಷಿದ್ಧ ಔಷಧಿಯೇ ಬೇಕಾದಾಗ ಸಿಗುವ ಲಿಖಿತ ಅನುಮತಿಯನ್ನು ಚಿಕಿತ್ಸಾ ಬಳಕೆ ವಿನಾಯಿತಿ ಅಥವಾ ಟಿಯುಇ ಎನ್ನುತ್ತಾರೆ. ಇದನ್ನು ಪಡೆಯಲು ನಾಲ್ಕು ವಿಷಯಗಳನ್ನು ದಾಖಲೆ ಸಹಿತ ತೋರಿಸಬೇಕು: ಕಾಯಿಲೆ ವೈದ್ಯಕೀಯವಾಗಿ ಖಚಿತವಾಗಿದೆ, ಔಷಧಿಯಿಂದ ಸಹಜ ಆರೋಗ್ಯಕ್ಕಿಂತ ಹೆಚ್ಚಿನ ಲಾಭ ದೊರೆಯುವುದಿಲ್ಲ, ಅನುಮತಿಯಿರುವ ಬೇರೆ ಸೂಕ್ತ ಚಿಕಿತ್ಸೆ ಇಲ್ಲ, ಮತ್ತು ಈ ಅಗತ್ಯ ಹಿಂದೆ ನಿಷಿದ್ಧ ವಸ್ತು ಬಳಸಿದ್ದರ ಪರಿಣಾಮವಲ್ಲ.

ಸ್ಪರ್ಧೆಗೆ ಕನಿಷ್ಠ 30 ದಿನ ಮೊದಲು ಅರ್ಜಿ ಸಲ್ಲಿಸಿ. ಪೂರ್ಣ ಅರ್ಜಿ ತಲುಪಿದ 21 ದಿನಗಳೊಳಗೆ ಸಮಿತಿ ತೀರ್ಮಾನ ತಿಳಿಸಬೇಕೆಂಬುದು ಸಾಮಾನ್ಯ ನಿಯಮ; 'ಪೂರ್ಣ' ಎಂಬುದಕ್ಕೆ ಒತ್ತು ಕೊಡಬೇಕು, ಏಕೆಂದರೆ ಹೆಚ್ಚಿನ ವಿಳಂಬಕ್ಕೆ ಕಾರಣ ವೈದ್ಯರ ಒಂದು ಸಾಲಿನ ಚೀಟಿ ಮಾತ್ರ ಲಗತ್ತಿಸಿದ ಅರ್ಜಿಗಳು. ರೋಗದ ಇತಿಹಾಸ, ಪರೀಕ್ಷಾ ವರದಿಗಳು, ಹಿಂದೆ ಪ್ರಯತ್ನಿಸಿದ ಚಿಕಿತ್ಸೆಗಳ ವಿವರ ಎಲ್ಲವೂ ಇರಲಿ. ಉಬ್ಬಸಕ್ಕಾದರೆ ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆಯ ವರದಿ ಅತ್ಯಗತ್ಯ.

ರಾಷ್ಟ್ರೀಯ ಸಂಸ್ಥೆ ಕೊಟ್ಟ ವಿನಾಯಿತಿ ಎಫ್‌ಐಇ ಸ್ಪರ್ಧೆಗಳಲ್ಲಿ ತಾನಾಗಿಯೇ ಸಾಕಾಗುತ್ತದೆ ಎಂದು ಊಹಿಸಬೇಡಿ. ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿದಾಗ ಅದಕ್ಕೆ ಎಫ್‌ಐಇ ಮಾನ್ಯತೆ ಬೇಕೇ ಎಂದು ಬರೆದು ಕೇಳಿ. ವಿನಾಯಿತಿಯ ಮುಕ್ತಾಯದ ದಿನಾಂಕವನ್ನೂ ನೆನಪಿನಲ್ಲಿಡಿ.

5. ಪೂರಕ ಆಹಾರ ಮತ್ತು ಅನಿರೀಕ್ಷಿತ ಮೂಲಗಳ ಬಗ್ಗೆ ಎಚ್ಚರವಿರಲಿ

ಫ್ರಾನ್ಸ್‌ನ ಎಪೆ ತಾರೆ ಲಾರಾ ಫ್ಲೆಸೆಲ್, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಮತ್ತು ತಂಡ ವಿಭಾಗಗಳೆರಡರಲ್ಲೂ ಚಿನ್ನ ಗೆದ್ದವರು. ಮುಂದೆ ಅವರು ಮೂರು ತಿಂಗಳ ಅಮಾನತಿಗೆ ಒಳಗಾದದ್ದು ಕೊರಾಮಿನ್ ಗ್ಲೂಕೋಸ್ ಎಂಬ ಸಾಮಾನ್ಯ ಮಾತ್ರೆಯಿಂದ. ಅದರಲ್ಲಿದ್ದ ನಿಕೆಥಮೈಡ್ ನಿಷಿದ್ಧ ಉತ್ತೇಜಕವಾಗಿತ್ತು. ಹೆಸರಿನಲ್ಲಿ ಗ್ಲೂಕೋಸ್ ಇದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಗ್ಲೂಕೋಸ್ ಅಲ್ಲ.

ಪೂರಕ ಆಹಾರದ ವಿಷಯ ಇದಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಚೀಟಿಯ ಮೇಲೆ ಬರೆಯದ ವಸ್ತುವೂ ಒಳಗಿರಬಹುದು. ತಾಲೀಮಿಗೆ ಮುನ್ನ ಹುರುಪು ಬರಲೆಂದು ಕುಡಿಯುವ ಪುಡಿಗಳಲ್ಲಿ ಉತ್ತೇಜಕಗಳು, ತೂಕ ಇಳಿಸುವ ಮಾತ್ರೆಗಳಲ್ಲಿ ಮೂತ್ರವರ್ಧಕಗಳು, ಸ್ನಾಯು ಬೆಳೆಸುವ ಉತ್ಪನ್ನಗಳಲ್ಲಿ ಆಸ್ಟರಿನ್‌ನಂತಹ ಅನಬಾಲಿಕ್ ವಸ್ತುಗಳು ಸಿಕ್ಕಿವೆ. 'ಗಿಡಮೂಲಿಕೆ' ಎಂಬ ಮಾತು ರಕ್ಷಣೆಯಲ್ಲ. ನಿಷಿದ್ಧ ವಸ್ತುವಾದ ಹೈಜೆನಮೈನ್ ಸಸ್ಯಗಳಲ್ಲೇ ಇರುತ್ತದೆ. ನನ್ನ ಸಲಹೆ ಸ್ಪಷ್ಟ: ಕ್ರೀಡಾ ಪೋಷಣಾ ತಜ್ಞರು ಕೊರತೆಯನ್ನು ಗುರುತಿಸಿ ಹೇಳದ ಹೊರತು ಯಾವ ಪೂರಕವನ್ನೂ ಬಳಸಬೇಡಿ. ಬಳಸಲೇಬೇಕಾದರೆ ಇನ್‌ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್‌ನಂತಹ ಸ್ವತಂತ್ರ ಪರೀಕ್ಷೆಗೆ ಒಳಪಟ್ಟದ್ದನ್ನು ಆರಿಸಿ, ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ತಾಳೆ ನೋಡಿ, ಸಂಖ್ಯೆಯ ಚಿತ್ರ ತೆಗೆದಿಡಿ, ರಸೀದಿ ಇಟ್ಟುಕೊಳ್ಳಿ, ಖಾಲಿಯಾಗುವ ಮುನ್ನ ಸ್ವಲ್ಪ ಪುಡಿಯನ್ನು ಡಬ್ಬಿಯಲ್ಲೇ ಉಳಿಸಿ. ಇಷ್ಟೆಲ್ಲ ಮಾಡಿದರೂ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ವಸ್ತು ನಿಮ್ಮ ಬಾಯಿಗೆ ನೇರವಾಗಿ ಬರಬೇಕೆಂದೂ ಇಲ್ಲ. ಫ್ರಾನ್ಸ್‌ನ ಫಾಯಿಲ್ ಸ್ಪರ್ಧಿ ಇಸಾವೊರಾ ಥಿಬು ಅವರ ಮಾದರಿಯಲ್ಲಿ 2024ರ ಜನವರಿಯಲ್ಲಿ ಆಸ್ಟರಿನ್ ಪತ್ತೆಯಾಯಿತು. ಅದನ್ನು ಬಳಸುತ್ತಿದ್ದ ಸಂಗಾತಿಯ ಚುಂಬನದಿಂದ ತಮ್ಮ ದೇಹಕ್ಕೆ ಸೇರಿತೆಂಬ ಅವರ ವಿವರಣೆಯನ್ನು ಎಫ್‌ಐಇ ನ್ಯಾಯಮಂಡಳಿ ಒಪ್ಪಿ ಅವರನ್ನು ದೋಷಮುಕ್ತಗೊಳಿಸಿತು. ವಾಡಾ ನಾಲ್ಕು ವರ್ಷಗಳ ನಿಷೇಧ ಕೋರಿ ಮೇಲ್ಮನವಿ ಸಲ್ಲಿಸಿತು. 2025ರ ಜುಲೈನಲ್ಲಿ ಕ್ರೀಡಾ ಪಂಚಾಯಿತಿ ನ್ಯಾಯಾಲಯ ಆ ಮೇಲ್ಮನವಿಯನ್ನು ವಜಾ ಮಾಡಿತು. ಗೆದ್ದರೂ ಅದಕ್ಕೆ ಹಿಡಿದದ್ದು ಸುಮಾರು ಒಂದೂವರೆ ವರ್ಷ. ನಿಮ್ಮೊಡನೆ ಬಾಳುವವರು, ಒಂದೇ ನೀರಿನ ಬಾಟಲಿ ಹಂಚಿಕೊಳ್ಳುವವರು ಏನು ಸೇವಿಸುತ್ತಿದ್ದಾರೆಂದು ಕೇಳುವುದು ಸಂಕೋಚದ ವಿಷಯವಲ್ಲ.

6. ನಿಮ್ಮನ್ನು ನೋಂದಾಯಿತ ಗುಂಪಿಗೆ ಸೇರಿಸಿದರೆ ಇರುವಿಕೆಯ ಮಾಹಿತಿ ಕೊಡಿ

ಇದು ಮುನ್ಸೂಚನೆಯಿಲ್ಲದ ಪರೀಕ್ಷೆಗಾಗಿ ಆಯ್ದ ಮೇಲಿನ ಸ್ತರದ ಸ್ಪರ್ಧಿಗಳಿಗೆ ಮಾತ್ರ. ಗುಂಪಿಗೆ ಸೇರಿಸಿದರೆ ಲಿಖಿತ ಸೂಚನೆ ಬರುತ್ತದೆ. ಪ್ರತಿ ಮೂರು ತಿಂಗಳಿಗೊಮ್ಮೆ, ರಾತ್ರಿ ತಂಗುವ ವಿಳಾಸ, ತರಬೇತಿಯ ಜಾಗ ಮತ್ತು ಪ್ರತಿದಿನ ಬೆಳಿಗ್ಗೆ 5ರಿಂದ ರಾತ್ರಿ 11ರ ನಡುವೆ ಖಚಿತವಾಗಿ ಸಿಗುವ 60 ನಿಮಿಷಗಳ ಅವಧಿಯನ್ನು ಆಡಮ್ಸ್ ಎಂಬ ವ್ಯವಸ್ಥೆಯಲ್ಲಿ ತುಂಬಬೇಕು. ಮಾಹಿತಿ ತಪ್ಪಾಗುವುದು ಅಥವಾ ಹೇಳಿದ ಜಾಗದಲ್ಲಿ ಸಿಗದಿರುವುದು, ಎರಡೂ ಸೇರಿ 12 ತಿಂಗಳಲ್ಲಿ ಮೂರು ಬಾರಿ ಆದರೆ ಉಲ್ಲಂಘನೆ. ವಿಮಾನ ತಪ್ಪಿ ಊರು ಬದಲಾದ ದಿನವೇ ಹೆಚ್ಚಿನವರು ಮರೆಯುತ್ತಾರೆ. ಪ್ರಯಾಣದ ಯೋಜನೆ ಬದಲಾದ ಕೂಡಲೇ ಮೊಬೈಲ್‌ನಲ್ಲೇ ತಿದ್ದಿ. ತಂಡದ ವ್ಯವಸ್ಥಾಪಕರು ತುಂಬಿದರೂ ತಪ್ಪಿನ ಹೊಣೆ ನಿಮ್ಮದೇ.

7. ಪರೀಕ್ಷೆಯ ದಿನ ಹೀಗೆ ನಡೆದುಕೊಳ್ಳಿ

ಪದಕ ಗೆದ್ದವರನ್ನು ಮಾತ್ರ ಕರೆಯುತ್ತಾರೆಂದು ತಿಳಿಯಬೇಡಿ, ಮೊದಲ ಸುತ್ತಿನಲ್ಲೇ ಸೋತವರನ್ನೂ ಕರೆಯಬಹುದು. ಅಧಿಕಾರಿ ಅಥವಾ ಜೊತೆಗಾರ ಸಿಬ್ಬಂದಿ ಗುರುತುಪತ್ರ ತೋರಿಸಿ ಸೂಚನೆ ಕೊಟ್ಟ ಗಳಿಗೆಯಿಂದ ಅವರ ಕಣ್ಣಿಗೆ ಬೀಳುವಂತೆಯೇ ಇರಬೇಕು. ಸೋಲಿನ ಬೇಸರದಲ್ಲಿ ಪಂದ್ಯದ ಅಂಕಣವಾದ ಪಿಸ್ಟ್‌ನಿಂದ ನೇರವಾಗಿ ಹೊರನಡೆದರೆ ಅದನ್ನು ನಿರಾಕರಣೆಯೆಂದು ಪರಿಗಣಿಸುವ ಅಪಾಯವಿದೆ. ನಿರಾಕರಣೆಗೆ ಸಾಮಾನ್ಯ ಶಿಕ್ಷೆ 4 ವರ್ಷ. ಇನ್ನೊಂದು ಬೌಟ್ (ಪಂದ್ಯ), ಪದಕ ಪ್ರದಾನ, ಗಾಯದ ಚಿಕಿತ್ಸೆ ಬಾಕಿಯಿದ್ದರೆ ತಡವಾಗಿ ಬರಲು ಅನುಮತಿ ಕೇಳಬಹುದು. ಸಿಬ್ಬಂದಿ ಜೊತೆಯಲ್ಲೇ ಇರುತ್ತಾರೆ.

ಕೊಠಡಿಗೆ ಪ್ರತಿನಿಧಿಯೊಬ್ಬರನ್ನು ಕರೆದೊಯ್ಯುವ ಹಕ್ಕು ನಿಮಗಿದೆ. ಕೆಡೆಟ್ ಮತ್ತು ಜೂನಿಯರ್ ವಿಭಾಗದ 18 ವರ್ಷದೊಳಗಿನವರು ವಯಸ್ಕರೊಬ್ಬರನ್ನು ಖಂಡಿತ ಕರೆದೊಯ್ಯಲಿ. ಮೂತ್ರ ವಿಸರ್ಜನೆಯನ್ನು ಅದೇ ಲಿಂಗದ ಅಧಿಕಾರಿ ನೇರವಾಗಿ ನೋಡುತ್ತಾರೆ. ಅಡ್ಡಿಯಿಲ್ಲದೆ ಕಾಣಬೇಕಾದ್ದರಿಂದ ಜಾಕೆಟ್, ಒಳಗಿನ ರಕ್ಷಾಕವಚ, ಎದೆಯ ಫಲಕ ಎಲ್ಲವನ್ನೂ ತೆಗೆದು, ಅಂಗಿಯನ್ನು ಮೇಲಕ್ಕೆತ್ತಿ, ತೋಳು ಮಡಚಿಕೊಳ್ಳಲು ಹೇಳುತ್ತಾರೆ. ಮುಜುಗರವಾಗುವುದು ಸಹಜ, ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ತರಬೇತುದಾರರು ಮಕ್ಕಳಿಗೆ ಇದನ್ನು ಮುಂಚಿತವಾಗಿಯೇ ವಿವರಿಸಬೇಕು. ಅಪ್ರಾಪ್ತರ ಪ್ರತಿನಿಧಿ ಗಮನಿಸುವುದು ಅಧಿಕಾರಿಯನ್ನು; ಮಗುವೇ ಕೇಳದ ಹೊರತು ಅವರು ವಿಸರ್ಜನೆಯನ್ನು ನೋಡುವುದಿಲ್ಲ.

ಕನಿಷ್ಠ 90 ಮಿಲಿಲೀಟರ್ ಮೂತ್ರ ಬೇಕು. ಬೆವರಿ ಒಣಗಿದ ದೇಹದಿಂದ ಅಷ್ಟು ಬರುವುದು ತಡವಾಗುತ್ತದೆ, ಆಗ ಅವಸರದಿಂದ ಲೀಟರ್‌ಗಟ್ಟಲೆ ನೀರು ಕುಡಿಯುವುದು ಅತಿ ಸಾಮಾನ್ಯವಾದ ತಪ್ಪು. ಮಾದರಿ ತೀರಾ ತೆಳುವಾದರೆ ಅದು ಪರೀಕ್ಷೆಗೆ ಒಗ್ಗುವುದಿಲ್ಲ, ಮತ್ತೆ ಕೊಡಬೇಕಾಗುತ್ತದೆ, ಕಾಯುವಿಕೆ ಗಂಟೆಗಟ್ಟಲೆ ಬೆಳೆಯುತ್ತದೆ. ಮುದ್ರೆ ಒಡೆಯದ ಬಾಟಲಿಯನ್ನು ನೀವೇ ತೆರೆದು, ನಿಧಾನವಾಗಿ ಕುಡಿಯಿರಿ.

ನಂತರ ಮುದ್ರೆಯಿರುವ ಹಲವು ಪೆಟ್ಟಿಗೆಗಳಲ್ಲಿ ಒಂದನ್ನು ನೀವೇ ಆರಿಸಿ, ಮಾದರಿಯನ್ನು ಎರಡಾಗಿ ಹಂಚುವ ಎ ಮತ್ತು ಬಿ ಬಾಟಲಿಗಳ ಮೇಲಿನ ಸಂಖ್ಯೆ, ಮುಚ್ಚಳದ ಮೇಲಿನ ಸಂಖ್ಯೆ, ನಮೂನೆಯಲ್ಲಿ ಬರೆದ ಸಂಖ್ಯೆ ಮೂರೂ ಒಂದೇ ಎಂದು ಓದಿ ನೋಡಿ. ಬಾಟಲಿಗೆ ಸುರಿಯುವುದೂ ಮುಚ್ಚುವುದೂ ನಿಮ್ಮ ಕೈಯಿಂದಲೇ ಆಗಲಿ. ಕಳೆದ 7 ದಿನಗಳಲ್ಲಿ ತೆಗೆದುಕೊಂಡ ಔಷಧಿ ಮತ್ತು ಪೂರಕಗಳನ್ನು ಬರೆಯುವ ಜಾಗವನ್ನು ಖಾಲಿ ಬಿಡಬೇಡಿ. ಮುಂದೆ ವಿವರಣೆ ಕೊಡಬೇಕಾಗಿ ಬಂದಾಗ ಈ ಸಾಲುಗಳಿಗೆ ಬಹಳ ಬೆಲೆಯಿದೆ. ಪ್ರಕ್ರಿಯೆಯಲ್ಲಿ ಏನಾದರೂ ಸರಿಯೆನಿಸದಿದ್ದರೆ ಅದನ್ನೂ ಅಲ್ಲೇ ಬರೆದು, ಪ್ರತಿಯನ್ನು ಪಡೆದೇ ಹೊರಡಿ. ಮಾದರಿಯನ್ನು 10 ವರ್ಷಗಳವರೆಗೆ ಕಾಪಿಟ್ಟು ಮರುಪರೀಕ್ಷೆ ಮಾಡಬಹುದಾದ್ದರಿಂದ ನಿಮ್ಮ ಕಾಗದಗಳೂ ಅಷ್ಟು ಕಾಲ ಉಳಿಯಲಿ.

8. ನಿಷಿದ್ಧ ವಸ್ತು ಪತ್ತೆಯಾಯಿತೆಂಬ ನೋಟಿಸ್ ಬಂದರೆ

ಮೊದಲ ಕೆಲಸ ಗಡುವುಗಳನ್ನು ಗುರುತಿಸುವುದು. ಬಿ ಬಾಟಲಿಯ ಪರೀಕ್ಷೆ ಕೋರುವ ಹಕ್ಕು ನಿಮಗಿದೆ, ಗಡುವು ಮೀರಿದರೆ ಅದನ್ನು ಬಿಟ್ಟುಕೊಟ್ಟಂತೆ. ಪ್ರಯೋಗಾಲಯದ ಪೂರ್ಣ ದಾಖಲೆಗಳನ್ನು ಕೇಳಿ ಪಡೆಯಿರಿ. ಉಳಿದಿರುವ ಔಷಧಿ, ಪುಡಿ, ಡಬ್ಬಿ, ಯಾವುದನ್ನೂ ಎಸೆಯಬೇಡಿ. ಕ್ರೀಡಾ ಕಾನೂನು ಬಲ್ಲ ವಕೀಲರನ್ನು ಕಾಣುವ ಮೊದಲು ವಿವರಣೆ ಬರೆದು ಕಳುಹಿಸಬೇಡಿ, ಸಾರ್ವಜನಿಕವಾಗಿ ಏನನ್ನೂ ಹೇಳಬೇಡಿ.

ತಾತ್ಕಾಲಿಕ ಅಮಾನತು ತೀರ್ಪಿಗಿಂತ ಮೊದಲೇ ಬರಬಹುದು. ಇಟಲಿಯ ಫಾಯಿಲ್ ಸ್ಪರ್ಧಿ ಆಂಡ್ರಿಯಾ ಬಾಲ್ಡೀನಿ ಅವರ ಮಾದರಿಯಲ್ಲಿ 2008ರಲ್ಲಿ ಫ್ಯೂರೊಸೆಮೈಡ್ ಎಂಬ ಮೂತ್ರವರ್ಧಕ ಪತ್ತೆಯಾಗಿ ಅವರು ಬೀಜಿಂಗ್ ಒಲಿಂಪಿಕ್ಸ್ ಕಳೆದುಕೊಂಡರು. ಮರುವರ್ಷವೇ ವಿಶ್ವ ಚಾಂಪಿಯನ್ ಆದರು, 2012ರಲ್ಲಿ ಲಂಡನ್‌ನಲ್ಲಿ ತಂಡ ಚಿನ್ನವನ್ನೂ ಗೆದ್ದರು, ಆದರೆ ಬೀಜಿಂಗ್ ಮರಳಿ ಬರಲಿಲ್ಲ.

ಅನಬಾಲಿಕ್ ಸ್ಟೀರಾಯ್ಡ್‌ನಂತಹ ವಸ್ತುಗಳಿಗೆ ಆರಂಭಿಕ ಶಿಕ್ಷೆ 4 ವರ್ಷ. ಉದ್ದೇಶಪೂರ್ವಕವಲ್ಲವೆಂದು ನೀವು ಸಾಬೀತುಪಡಿಸಿದರೆ 2 ವರ್ಷ. ಮೂತ್ರವರ್ಧಕ, ಬಹಳಷ್ಟು ಉತ್ತೇಜಕಗಳಂತಹ ನಿರ್ದಿಷ್ಟ ವಸ್ತುಗಳಿಗೆ 2 ವರ್ಷ. ಉದ್ದೇಶಪೂರ್ವಕವೆಂದು ಸಂಸ್ಥೆ ಸಾಬೀತುಪಡಿಸಿದರೆ 4. ತಪ್ಪಿನ ಮಟ್ಟ ಕಡಿಮೆಯೆಂದು ತೋರಿಸಿದಾಗ ಇನ್ನೂ ಇಳಿಯಬಹುದು, ಅದಕ್ಕೆ ವಸ್ತು ದೇಹಕ್ಕೆ ಬಂದ ದಾರಿಯನ್ನು ಸಾಕ್ಷ್ಯ ಸಹಿತ ತೋರಿಸಬೇಕು. 4 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಆರೋಪವನ್ನು 20 ದಿನಗಳೊಳಗೆ ಒಪ್ಪಿಕೊಂಡು ಶಿಕ್ಷೆಯನ್ನೂ ಸ್ವೀಕರಿಸಿದರೆ 1 ವರ್ಷ ಕಡಿತ ಸಿಗುತ್ತದೆ. ಈ ನಿರ್ಧಾರವನ್ನು ವಕೀಲರ ಸಲಹೆಯಿಲ್ಲದೆ ಎಂದೂ ಮಾಡಬೇಡಿ.

ನಿಷೇಧದ ಅವಧಿಯಲ್ಲಿ ಸ್ಪರ್ಧಿಸುವಂತಿಲ್ಲ, ಸಂಹಿತೆ ಒಪ್ಪಿದ ಬೇರೆ ಕ್ರೀಡೆಯಲ್ಲಿ ಆಡುವಂತೆಯೂ ಇಲ್ಲ, ಒಕ್ಕೂಟಕ್ಕೆ ಸೇರಿದ ಕ್ಲಬ್‌ನಲ್ಲಿ ಕಿರಿಯರಿಗೆ ತರಬೇತಿ ಕೊಡುವಂತೆಯೂ ಇಲ್ಲ. ನಿಯಮ ಮುರಿದರೆ ಹೊಸ ನಿಷೇಧ ಮೊದಲಿನದರ ಕೊನೆಗೆ ಸೇರಿಕೊಳ್ಳುತ್ತದೆ. ತಂಡದೊಡನೆ ಮತ್ತೆ ಅಭ್ಯಾಸ ಆರಂಭಿಸಲು ಅವಕಾಶವಿರುವುದು ನಿಷೇಧದ ಕೊನೆಯ ಎರಡು ತಿಂಗಳು ಅಥವಾ ಕೊನೆಯ ಕಾಲುಭಾಗ, ಎರಡರಲ್ಲಿ ಯಾವುದು ಚಿಕ್ಕದೋ ಅಷ್ಟರಲ್ಲಿ ಮಾತ್ರ. ಆ ದಿನಾಂಕವನ್ನು ತೀರ್ಪು ಕೊಟ್ಟ ಸಂಸ್ಥೆಯಿಂದ ಲಿಖಿತವಾಗಿ ಪಡೆದ ಮೇಲೆಯೇ ಕ್ಲಬ್‌ಗೆ ಹೋಗಿ.